ತಾಯ್ನುಡಿ ಯಾವುದೆಂದು ಕೇಳಿದಾಗ

ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಯ ನಿಜಾಮ್ ಪ್ಯಾಲೆಸ್ ಆವರಣವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಸರಕಾರಿ ಕಾಗದಪತ್ರದ ಕೆಲಸಕ್ಕಾಗಿ ಅಲ್ಲಿ ಮೆಟ್ಟಿಲು ಹತ್ತಿ ಇಳಿದವರೂ ಇರಬಹುದು. ಅಲ್ಲಿರುವ ಕೇಂದ್ರ ಸರಕಾರದ ಕಚೇರಿಗಳ ನಡುವೆ ಜನಗಣತಿ ಇಲಾಖೆಯ ಭಾಷಾ ವಿಭಾಗವೂ ಒಂದೆಂಬುದು ಮಾತ್ರ ಬಹಳ ಮಂದಿಗೆ ತಿಳಿದಿರಲಾರದು. ಕಾಶ್ಮೀರದಿಂದ ಕನ್ಯಾಕುಮಾರಿಯ ತನಕ ಜನರು ತಂತಮ್ಮ ಮಾತೃಭಾಷೆಯೆಂದು ಬರೆಯಿಸಿದ ಹೆಸರುಗಳನ್ನೆಲ್ಲ ಶೋಧಿಸಿ, ಯಾವ ನುಡಿ ಯಾವ ಭಾಷೆಯ ಕೆಳಗೆ ನಿಲ್ಲಬೇಕೆಂದು ನಿಶ್ಚಯಿಸುವ ಕಾರ್ಯವು ನಮ್ಮ ಈ ಊರಿನಲ್ಲಿಯೇ ನಡೆಯುತ್ತದೆ. (ಊರಿಗೆ 2001ರಲ್ಲಿ ಕೋಲ್ಕತಾ ಎಂದು ಹೆಸರಾಯಿತು, ನಮ್ಮ ಹಳೆಯ ಬಾಯಿಗೆ ಅದು ಇನ್ನೂ ಕಲ್ಕತ್ತೆಯೇ.)

ಆ ಕಚೇರಿಯ ಪಂಡಿತರ ಮೇಲೆ ನಮ್ಮ ದೂರಿಲ್ಲ. ಅವರು ತಮಗೆ ಕೊಟ್ಟ ನಿಯಮದಂತೆ ನಡೆಯುವವರು. ಆದರೆ ಆ ನಿಯಮದ ಫಲವೇನೆಂಬುದನ್ನು ನೋಡಬೇಕು. 2011ರ ಗಣತಿಯಲ್ಲಿ ದೇಶದ ಜನರು ಹೇಳಿದ ಮಾತೃಭಾಷೆಯ ಹೆಸರುಗಳು 19,569. ಒಂದೇ ನುಡಿಯ ನಾನಾ ಉಚ್ಚಾರಗಳನ್ನೂ ತಪ್ಪು ಬರಹಗಳನ್ನೂ ಕಳೆದಾಗ ಉಳಿದವು 1,369. ಇದು ಸರಿಯಾದ ಕೆಲಸವೇ. ಆ ಬಳಿಕ ಹತ್ತು ಸಾವಿರಕ್ಕಿಂತ ಕಡಮೆ ಜನರಾಡುವ ನುಡಿಗಳನ್ನು ಹೆಸರಿಡದೆ ಒಂದೆಡೆ ರಾಶಿ ಹಾಕಿದರು; 1971ರಿಂದ ನಡೆದು ಬಂದ ಪದ್ಧತಿಯಿದು. ಹಾಗೆ ಉಳಿದ 270 ನುಡಿಗಳನ್ನು ದೊಡ್ಡ ಭಾಷೆಗಳ ಕೆಳಗೆ ಗುಂಪುಗೂಡಿಸಿ 121 ಭಾಷೆಗಳೆಂದು ಪ್ರಕಟಿಸಿದರು. ನಮ್ಮ ಇದೇ ರಾಜ್ಯದ ಅಲಿಪುರ್‌ದುವಾರ್ ಜಿಲ್ಲೆಯ ಟೋಟೋಪಾಡಾ ಎಂಬ ಒಂದೇ ಹಳ್ಳಿಯಲ್ಲಿ ಸಾವಿರದ ಆರುನೂರರಷ್ಟು ಮಂದಿ ಆಡುವ ಟೋಟೋ ನುಡಿಗೆ ಆ ಪಟ್ಟಿಯಲ್ಲಿ ಸಾಲಿಲ್ಲ. ನಮ್ಮ ಕರಾವಳಿಯ ಕೊರಗರ ನುಡಿಗೂ ಇಲ್ಲ. ಯಾವ ಭಾಷೆ ಅಳಿವಿಗೆ ಎಲ್ಲಕ್ಕಿಂತ ಹತ್ತಿರವಾಗಿದೆಯೋ ಅದೇ ಸರಕಾರದ ಕಣ್ಣಿಗೆ ಮೊದಲು ಮರೆಯಾಗುವ ವ್ಯವಸ್ಥೆಯಿದು.

ಗುಂಪುಗೂಡಿಸುವಿಕೆಯ ಕಥೆ ಇನ್ನೂ ವಿಚಿತ್ರವಾದುದು. ಅದೇ ಗಣತಿಯಂತೆ ಹಿಂದಿಯವರ ಸಂಖ್ಯೆ 52 ಕೋಟಿ 83 ಲಕ್ಷ. ಅದರಲ್ಲಿ ತಮ್ಮ ಮಾತೃಭಾಷೆ ಹಿಂದಿಯೆಂದೇ ಹೇಳಿದವರು 32 ಕೋಟಿ 22 ಲಕ್ಷ. ಉಳಿದ ಇಪ್ಪತ್ತು ಕೋಟಿಗೆ ಮಿಕ್ಕ ಜನರು ಭೋಜಪುರಿ, ರಾಜಸ್ಥಾನಿ, ಮಗಹಿ, ಛತ್ತೀಸಗಢಿ ಮುಂತಾದ ಬೇರೆ ಹೆಸರು ಹೇಳಿದವರು. ಭೋಜಪುರಿಯವರೇ ಐದು ಕೋಟಿಗೆ ಮೇಲೆ. ನಮ್ಮ ಅಂಗಡಿಗೆ ಹಾಲು ತರುವಾತನೂ ಅವರಲ್ಲೊಬ್ಬ. ತಾನು ಆಡುವುದು ಹಿಂದಿಯಲ್ಲವೆಂದು ಆತನೇ ನಮಗೆ ಪ್ರತಿಜ್ಞೆ ಮಾಡಿ ಹೇಳಿದ್ದುಂಟು. ಇನ್ನೂ ಆಶ್ಚರ್ಯವೆಂದರೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ತಾಂಡಾಗಳಲ್ಲಿ ಬದುಕುವ ಲಂಬಾಣಿಗಳ ಮೂವತ್ತೆರಡು ಲಕ್ಷಕ್ಕೂ ಹೆಚ್ಚು ಸಂಖ್ಯೆಯನ್ನು ಕೂಡಾ ಹಿಂದಿಯ ಲೆಕ್ಕಕ್ಕೇ ಜಮಾ ಮಾಡಿದ್ದಾರೆ. ಹೀಗೆ ಬೆಳೆದ ಅಂಕೆಯನ್ನೇ ಮುಂದಿಟ್ಟು, ದೇಶದಲ್ಲಿ ಇಷ್ಟು ಜನರು ಹಿಂದಿಯವರೆಂದು ಸಭೆಗಳಲ್ಲಿ ಸಾರುತ್ತಾರೆ.

ನಾವು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಎಸ್.ಎಸ್.ಎಲ್.ಸಿ. ಮುಗಿಸಿ ರೈಲು ಹತ್ತಿದ ಮೇಲೆ ನಮ್ಮ ವಿದ್ಯಾಭ್ಯಾಸವೆಲ್ಲ ಅಲ್ಲಿಯೇ ನಡೆಯಿತು. ಗಿರಾಕಿಯಿಲ್ಲದ ಹೊತ್ತಿನಲ್ಲಿ ನೋಟಿನ ಹಿಂಬದಿಯ ಆ ಚಿಕ್ಕ ಚೌಕದಲ್ಲಿ ಒಂದರ ಕೆಳಗೊಂದು ಬರೆದ ಹದಿನೈದು ಭಾಷೆಗಳನ್ನು ಓದಲು ಹವಣಿಸುತ್ತಿದ್ದೆವು. ನಮಗೆ ಬರುವ ಅಕ್ಷರ ಎರಡೇ ಮೂರು. ಕನ್ನಡವನ್ನು ಕಂಡರೆ ಒಂದು ಸಂತೋಷ. ಅದೇ ಚೌಕದಲ್ಲಿ ಕೊಂಕಣಿಯೂ ಇದೆ ಎಂದು ತಿಳಿದ ದಿನ, ಹಾಗಾದರೆ ತುಳು ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಮಂಗಳೂರಿನ ಒಂದೇ ಬೀದಿಯಲ್ಲಿ ಒಂದು ಅಂಗಡಿಯವರು ಕೊಂಕಣಿ ಆಡುತ್ತಾರೆ, ಪಕ್ಕದವರು ತುಳು ಆಡುತ್ತಾರೆ. ನೋಟಿನ ಮೇಲೆ ಮಾತ್ರ ಒಬ್ಬರಿದ್ದಾರೆ, ಇನ್ನೊಬ್ಬರಿಲ್ಲ.

ಈ ವ್ಯತ್ಯಾಸವು ಸಂವಿಧಾನದ ಎಂಟನೆಯ ಪರಿಚ್ಛೇದದಿಂದ ಬಂದುದು. 1950ರಲ್ಲಿ ಅದರಲ್ಲಿ ಹದಿನಾಲ್ಕು ಭಾಷೆಗಳಿದ್ದವು. 1967ರಲ್ಲಿ ಸಿಂಧಿ ಸೇರಿತು. 1992ರಲ್ಲಿ ಕೊಂಕಣಿ, ಮಣಿಪುರಿ, ನೇಪಾಳಿ. 2003ರ ತಿದ್ದುಪಡಿಯಿಂದ ಬೋಡೋ, ಡೋಗ್ರಿ, ಮೈಥಿಲಿ, ಸಂತಾಲಿ. ಈಗ ಇಪ್ಪತ್ತೆರಡು. ಯಾವ ಗುಣವಿದ್ದರೆ ಒಂದು ಭಾಷೆ ಒಳಗೆ ಬರಬಹುದೆಂದು ಕೇಳಿದರೆ ನಿಶ್ಚಿತವಾದ ಮಾನದಂಡವಿಲ್ಲವೆಂದು ಕೇಂದ್ರ ಸರಕಾರವೇ ಉತ್ತರ ಕೊಟ್ಟಿದೆ. ಮಾನದಂಡವನ್ನು ಹುಡುಕಲು 1996ರಲ್ಲಿ ಪಾಹ್ವಾ ಸಮಿತಿ, 2003ರಲ್ಲಿ ಸೀತಾಕಾಂತ ಮಹಾಪಾತ್ರ ಸಮಿತಿ ಕುಳಿತವು, ಎದ್ದವು. ಬಾಗಿಲ ಹೊರಗೆ ಮೂವತ್ತೆಂಟು ಭಾಷೆಗಳ ಅರ್ಜಿಗಳು. ತುಳುವೂ ಕೊಡವವೂ ಆ ಸಾಲಿನಲ್ಲಿವೆ. ಜನಸಂಖ್ಯೆಯೇ ಅಳತೆಯಾಗಿದ್ದರೆ 2011ರಲ್ಲಿ ತುಳುವಿನವರು 18 ಲಕ್ಷ 46 ಸಾವಿರ. ಪರಿಚ್ಛೇದದಲ್ಲಿರುವ ಮಣಿಪುರಿಯವರು 17 ಲಕ್ಷ 61 ಸಾವಿರ, ಬೋಡೋದವರು 14 ಲಕ್ಷ 82 ಸಾವಿರ, ಸಂಸ್ಕೃತದವರು ಇಪ್ಪತ್ತೈದು ಸಾವಿರಕ್ಕೂ ಕಡಮೆ. ಆ ಭಾಷೆಗಳಿಗೆ ಸಂದ ಗೌರವಕ್ಕೆ ನಾವು ಕರುಬುವವರಲ್ಲ, ಅದು ಅವರ ಹಕ್ಕು. ಲಿಪಿಯಿಲ್ಲವೆಂಬ ಮಾತಿಗೂ ಈಗ ಅರ್ಥವಿಲ್ಲ. ಕೊಂಕಣಿಯನ್ನು ದೇವನಾಗರಿಯಲ್ಲಿಯೂ ರೋಮನ್ನಿನಲ್ಲಿಯೂ ಕನ್ನಡದಲ್ಲಿಯೂ ಬರೆಯುತ್ತಾರೆ. ತುಳುವಿನ ಹಳೆಯ ಲಿಪಿಯೋ 2024ರಲ್ಲಿ ಗಣಕಯಂತ್ರಗಳ ಯೂನಿಕೋಡ್ ಪಟ್ಟಿಯನ್ನೂ ಸೇರಿದೆ.

ನಮಗೆ ತೋರುವ ಕಾರಣವೆಂದರೆ ಇದು: ಒಂದು ರಾಜ್ಯವನ್ನು ತನ್ನದೆಂದು ಹೇಳಬಲ್ಲ ಭಾಷೆಗೆ ದಿಲ್ಲಿಯ ಬಾಗಿಲು ಬೇಗ ತೆರೆಯುತ್ತದೆ. ಗೋವೆಯು 1987ರಲ್ಲಿ ರಾಜ್ಯವಾಯಿತು, ಐದು ವರ್ಷದಲ್ಲಿ ಕೊಂಕಣಿಯ ಹೆಸರು ಪರಿಚ್ಛೇದದಲ್ಲಿ ಬಂತು. ತುಳುನಾಡನ್ನಾದರೋ 1956ರಲ್ಲಿ ಎರಡು ರಾಜ್ಯಗಳಿಗೆ ಹಂಚಿದರು. ಕಾಸರಗೋಡಿನ ತುಳುವನು ಕೇರಳದಲ್ಲಿ ಅಲ್ಪಸಂಖ್ಯಾತ, ಕಾರ್ಕಳದ ತುಳುವನು ಕರ್ನಾಟಕದಲ್ಲಿ ಅಲ್ಪಸಂಖ್ಯಾತ, ಕಲ್ಕತ್ತೆಯ ತುಳುವನು ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತ.

ಪರಿಚ್ಛೇದದಲ್ಲಿ ಹೆಸರು ಬಂದರೇನು, ಬಾರದಿದ್ದರೇನು, ಭಾಷೆ ಇರುವುದು ಬಾಯಲ್ಲಲ್ಲವೆ ಎಂದು ಹೇಳುವ ಸಜ್ಜನರಿದ್ದಾರೆ. ಅವರು ಸಂವಿಧಾನದ 344ನೆಯ ವಿಧಿಯನ್ನು ಓದಬೇಕು. ರಾಜಭಾಷಾ ಆಯೋಗವೊಂದನ್ನು ನೇಮಿಸುವಾಗ ಅದರ ಸದಸ್ಯರು ಎಂಟನೆಯ ಪರಿಚ್ಛೇದದ ಭಾಷೆಗಳನ್ನು ಪ್ರತಿನಿಧಿಸತಕ್ಕವರೆಂದು ಅದರಲ್ಲಿದೆ. ಅಂದರೆ ದೇಶದ ಭಾಷಾನೀತಿಯನ್ನು ವಿಚಾರಿಸುವ ಸಭೆಯಲ್ಲಿ ಪರಿಚ್ಛೇದದ ಹೊರಗಿನ ನುಡಿಗೆ ಕುರ್ಚಿಯೇ ಇಲ್ಲ. 1955ರಲ್ಲಿ ಬಿ. ಜಿ. ಖೇರರ ಅಧ್ಯಕ್ಷತೆಯಲ್ಲಿ ಕುಳಿತ ಆಯೋಗದಲ್ಲಿ ಈ ಊರಿನ ಮಹಾಪಂಡಿತರಾದ ಸುನೀತಿಕುಮಾರ ಚಟರ್ಜಿಯವರಿದ್ದರು. ಅವಸರದಿಂದ ಹಿಂದಿಯನ್ನು ತಂದರೆ ದೇಶದಲ್ಲಿ ಎರಡು ದರ್ಜೆಯ ಪ್ರಜೆಗಳಾಗುವರೆಂದು ಅವರೂ ಮದರಾಸಿನ ಪಿ. ಸುಬ್ಬರಾಯನ್ನರೂ ಭಿನ್ನಮತವನ್ನು ಬರೆದಿಟ್ಟರು. ಬಂಗಾಳಿಗೆ ಚಟರ್ಜಿಯವರಿದ್ದರು, ತಮಿಳಿಗೆ ಸುಬ್ಬರಾಯನ್ನರಿದ್ದರು. ಕುಡುಖ್‌ಗೆ, ತುಳುವಿಗೆ, ಟೋಟೋವಿಗೆ ಯಾರಿದ್ದರು? ಅದಕ್ಕೂ ಹಿಂದೆ, ಇದೇ ಕಲ್ಕತ್ತೆಯಲ್ಲಿ 1903ರಿಂದ 1928ರವರೆಗೆ ಅಚ್ಚಾಗಿ ಬಂದ ಗ್ರಿಯರ್ಸನ್ ಸಾಹೇಬರ ಮಹಾ ಭಾಷಾ ಸಮೀಕ್ಷೆಯು ಮದರಾಸ್ ಪ್ರಾಂತವನ್ನೂ ಮೈಸೂರು, ಹೈದರಾಬಾದು ಸಂಸ್ಥಾನಗಳನ್ನೂ ಹೊರಗಿಟ್ಟೇ ನಡೆದಿತ್ತು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿನದು. ಎಣಿಸುವವರು ನಮ್ಮ ಮನೆಯ ಮುಂದೆ ಸುಮ್ಮನೆ ಹಾದುಹೋದದ್ದು ಅದು ಮೊದಲ ಸಲ.

ಇನ್ನು ನಮ್ಮ ಅಡುಗೆಮನೆಯ ಒಂದು ಸಂಗತಿಯನ್ನು ಹೇಳಬೇಕು. ಹಿಂದೆ ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದವರು ಬೆಳ್ಮಣ್ಣು, ಕಾಪು, ಕಾರ್ಕಳದ ಕಡೆಯ ಹುಡುಗರು. ಒಲೆಯ ಬಳಿಯ ಮಾತೆಲ್ಲ ತುಳು, ಲೆಕ್ಕಪುಸ್ತಕ ಕನ್ನಡ, ಗಿರಾಕಿಯೊಡನೆ ಬಂಗಾಳಿ. ಊರಿನ ಹುಡುಗರು ಬರುವುದು ನಿಂತಿತು. ಈಗ ಒಡಿಶಾ, ಪುರುಲಿಯಾ, ಉತ್ತರ ಬಂಗಾಳದವರು ಬರುತ್ತಾರೆ. ಡುವಾರ್ಸಿನ ಚಹಾತೋಟದ ಕಡೆಯಿಂದ ಬಂದ ಹುಡುಗನೊಬ್ಬ ಒಂದು ರಾತ್ರಿ ತೊಳೆದ ತಟ್ಟೆಗಳನ್ನು ಎಣಿಸಿಡುತ್ತಿದ್ದ: ಒಂದ್, ಏಂಡ್, ಮೂಂದ್, ನಾಖ್. ನಮ್ಮ ಹಿರಿಯ ಅಡುಗೆಯವರು ಸೌಟನ್ನು ಕೈಯಲ್ಲಿ ಹಿಡಿದಂತೆಯೇ ನಿಂತುಬಿಟ್ಟರು. ‘ಇವನು ನಮ್ಮವನಲ್ಲವೋ!’ ಎಂದರು. ನಮ್ಮವನೇ ಹೌದು. ಆತನ ನುಡಿ ಕುಡುಖ್, ಒರಾಂವ್ ಜನರದು. ಕನ್ನಡ ತುಳುಗಳಿಗೆ ದೂರದ ದಾಯಾದಿ. ಕಣ್ಣಿಗೆ ಖನ್ನ್, ಬಾಯಿಗೆ ಬಈ ಎನ್ನುತ್ತಾನೆ. ಒಂಜಿ, ರಡ್ಡ್, ಮೂಜಿ, ನಾಲ್ ಎಂದು ನಮ್ಮ ಅಡುಗೆಯವರು ತಮ್ಮ ಲೆಕ್ಕ ಹೇಳಿದರು. ಇಬ್ಬರೂ ನಕ್ಕರು. ಆದರೆ ಐದನೆಯ ತಟ್ಟೆಗೆ ಹುಡುಗನು ಪಾಂಚ್ ಎಂದ. ನಾಲ್ಕರ ಮೇಲಿನ ಸಂಖ್ಯೆಗಳನ್ನು ಆ ಜನರು ನೆರೆಹೊರೆಯ ಭಾಷೆಗಳಿಂದ ತಂದುಕೊಂಡು ಎಷ್ಟೋ ತಲೆಮಾರುಗಳಾಗಿವೆ. ಆ ಹೊತ್ತಿಗೆ ನಮಗೆ ನೆನಪಾದುದು ನಮ್ಮ ಮನೆಯ ಮಕ್ಕಳು. ಅವರು ಒಂಜಿ ಎಂಬಲ್ಲಿಂದಲೇ ಇಂಗ್ಲಿಷಿನಲ್ಲಿ ಎಣಿಸುತ್ತಾರೆ. ಕುಡುಖ್ ನಾಲ್ಕನ್ನಾದರೂ ಉಳಿಸಿಕೊಂಡಿದೆ.

ಈ ಕುಡುಖ್ ಪರಿಚ್ಛೇದದಲ್ಲಿಲ್ಲ. ಅದನ್ನಾಡುವವರು 2011ರಲ್ಲಿ 19 ಲಕ್ಷ 88 ಸಾವಿರ. ಆದರೂ ಪಶ್ಚಿಮ ಬಂಗಾಳ ಸರಕಾರವು 2018ರಲ್ಲಿ ಅದಕ್ಕೆ ರಾಜ್ಯದ ಅಧಿಕೃತ ಭಾಷೆಗಳಲ್ಲೊಂದರ ಸ್ಥಾನವನ್ನು ಕೊಟ್ಟಿತು. 2020ರ ಡಿಸೆಂಬರಿನಲ್ಲಿ ಖರಗ್‌ಪುರದ ತೆಲುಗರನ್ನು ನೆನೆದು ತೆಲುಗಿಗೂ ಮನ್ನಣೆ ಕೊಡಲು ನಿರ್ಧರಿಸಿತು. ಚುನಾವಣೆಯ ಲೆಕ್ಕಾಚಾರ ಅದರಲ್ಲಿರಲಿಲ್ಲವೆಂದು ನಾವು ಹೇಳುವಷ್ಟು ಮುಗ್ಧರಲ್ಲ. ಆದರೂ ಕೊಟ್ಟದ್ದು ಕೊಟ್ಟದ್ದೇ. ನಮ್ಮ ಕರ್ನಾಟಕದಲ್ಲಿ ತುಳುವನ್ನು ಎರಡನೆಯ ಅಧಿಕೃತ ಭಾಷೆ ಮಾಡುವ ವಿಚಾರಕ್ಕೆ ಡಾ. ಮೋಹನ ಆಳ್ವರ ಸಮಿತಿಯನ್ನು ನೇಮಿಸಿ, 2023ರಲ್ಲಿ ವರದಿ ಪಡೆದದ್ದೂ ಆಯಿತು. ಆ ವರದಿಗೆ ಆದ ಗತಿಯನ್ನು ವಾಚಕರು ಬಲ್ಲರು.

ಇಷ್ಟರವರೆಗೆ ದಿಲ್ಲಿಯ ಮೇಲೆಯೂ ಬೆಂಗಳೂರಿನ ಮೇಲೆಯೂ ತಪ್ಪು ಹೊರಿಸಿದೆವು. ಇನ್ನು ನಮ್ಮ ಸ್ವಂತ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. 2011ರ ಫೆಬ್ರವರಿಯಲ್ಲಿ ಗಣತಿಯವರಾಗಿ ನಮ್ಮ ಮನೆಗೆ ಬಂದವರು ಒಬ್ಬ ಬಂಗಾಳಿ ಶಾಲಾ ಮಾಸ್ತರರು, ಸಾಧು ಮನುಷ್ಯರು. ಒಂದು ಚಹ ಕುಡಿದು ಪ್ರಶ್ನೆಗಳನ್ನು ಕೇಳತೊಡಗಿದರು. ಮಾತೃಭಾಷೆ ಯಾವುದೆಂದರು. ನಾವು ಎದೆಯುಬ್ಬಿಸಿ ಕನ್ನಡವೆಂದೆವು. ಬೇರೆ ಯಾವ ಭಾಷೆ ಬಲ್ಲಿರೆಂದರು. ಅಲ್ಲಿ ಎರಡು ಹೆಸರಿಗೆ ಸ್ಥಳವಿತ್ತು. ಬಂಗಾಳಿ, ಹಿಂದಿ ಎಂದು ಬರೆಯಿಸಿದೆವು. ಮೂಲೆಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದ ನಮ್ಮ ತಾಯಿಯವರು ತಲೆಯೆತ್ತಿ, ‘ಆರ್ ದಾದ ಕೇಂಡೆರ್?’ ಎಂದು ಕೇಳಿದರು. ಅವರು ಕೇಳಿದ್ದೇನೆಂದು ನಾವು ತುಳುವಿನಲ್ಲಿ ವಿವರಿಸಿದೆವು. ನಮ್ಮ ಮಾತೃಭಾಷೆ ಕನ್ನಡವೆಂದು ಹೇಳಿದ್ದೇವೆ ಎಂಬುದನ್ನೂ ತುಳುವಿನಲ್ಲಿಯೇ ತಿಳಿಸಿದೆವು. ತಾಯಿಯವರು ಏನೂ ಅನ್ನದೆ ಮತ್ತೆ ಅಕ್ಕಿಯ ಕಡೆಗೆ ಬಾಗಿದರು. ಮಾಸ್ತರರು ಸಹಿ ಹಾಕಿಸಿಕೊಂಡು ಹೋದರು. ಮೂರು ಭಾಷೆಗಳ ಹೆಸರು ಬಂದ ಆ ಕಾಗದದಲ್ಲಿ ತುಳು ಎಲ್ಲಿಯೂ ಇರಲಿಲ್ಲ. ಬಾಲ್ಯದಲ್ಲಿ ತಾಯಿಯು ತನ್ನೊಡನೆ ಆಡಿದ ಭಾಷೆಯೇ ಮಾತೃಭಾಷೆಯೆಂದು ಜನಗಣತಿಯ ಸೂಚನಾಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದೆಯೆಂಬುದನ್ನು ನಾವು ತಿಳಿದದ್ದು ಬಹಳ ವರ್ಷಗಳ ಮೇಲೆ, ಪತ್ರಿಕೆಯ ಕೆಲಸಕ್ಕೆ ಇಳಿದ ಮೇಲೆ.

ನಾವು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಈ ಊರಿನಲ್ಲಿ ಕನ್ನಡಿಗರೇ ಬೆರಳೆಣಿಕೆಯಷ್ಟು, ಅದರಲ್ಲಿ ತುಳುವೆಂದು ಒಡೆದರೆ ಕನ್ನಡದ ಬಲ ಕುಂದೀತೆಂಬ ಭಾವನೆ ನಮ್ಮಂತೆ ಹಲವರಿಗಿತ್ತು, ಇಂದಿಗೂ ಇದೆ. ನಮ್ಮ ಸಮಾಜದ ಹಿರಿಯರೊಬ್ಬರು ಮೊನ್ನೆಯೂ ಈ ಮಾತನ್ನೇ ಎತ್ತಿ, ‘ನಿಮ್ಮ ಪತ್ರಿಕೆ ಕನ್ನಡದ್ದೋ ತುಳುವಿನದ್ದೋ?’ ಎಂದು ನಮ್ಮನ್ನು ತರಾಟೆಗೆ ತೆಗೆದುಕೊಂಡರು. ಅವರ ಭಯವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಕನ್ನಡ ಸಂಖ್ಯೆ ಇಳಿದರೆ ನಾಳೆ ಕನ್ನಡದ ಹೆಸರಿನಲ್ಲಿ ಏನನ್ನಾದರೂ ಕೇಳಲು ಹೋದಾಗ ಅಧಿಕಾರಿಯು ಮೊದಲು ನೋಡುವುದು ಆ ಅಂಕೆಯನ್ನೇ. ಇದು ನಿಜವಾದ ನಷ್ಟ, ಸುಮ್ಮನೆ ಭಾವನೆಯಲ್ಲ.

ಆದರೂ ನಾವು ಅವರಿಗೆ ಕೊಟ್ಟ ಉತ್ತರವನ್ನು ಇಲ್ಲಿಯೂ ಕೊಡುತ್ತೇವೆ. ಭೋಜಪುರಿಯನ್ನೂ ಲಂಬಾಣಿಯನ್ನೂ ಹಿಂದಿಯ ಹೊಟ್ಟೆಗೆ ಹಾಕಿಕೊಂಡರೆಂದು ನಾವು ಕೂಗುತ್ತೇವಷ್ಟೆ. 2011ರ ಪಟ್ಟಿಯಲ್ಲಿ ಕನ್ನಡದ ಸಾಲನ್ನು ಬಿಡಿಸಿ ನೋಡಿದರೆ ಅದರ ಕೆಳಗೆ ನೀಲಗಿರಿಯ ಬಡಗ ನುಡಿಯ ಒಂದು ಲಕ್ಷ ಮೂವತ್ತಮೂರು ಸಾವಿರ ಜನರಿದ್ದಾರೆ, ಕುರುಬ ನುಡಿಯ ಇಪ್ಪತ್ತನಾಲ್ಕು ಸಾವಿರ ಜನರಿದ್ದಾರೆ. ಕೊಡಗಿನ ಯೆರವರನ್ನು ಮಲೆಯಾಳದ ಕೆಳಗಿಟ್ಟಿದ್ದಾರೆ. ಬಡಗವು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂದು ವಿದ್ವಾಂಸರು ವಾದಿಸಲಿ. ಬಡಗರು ತಮ್ಮ ನುಡಿಗೆ ಹೇಳಿದ ಹೆಸರು ಬಡಗವೆಂದೇ. ದೊಡ್ಡವರು ನಮಗೆ ಮಾಡಬಾರದೆಂದು ನಾವು ಹೇಳುವುದನ್ನು ನಾವು ಸಣ್ಣವರಿಗೆ ಮಾಡುತ್ತ ಕುಳಿತರೆ ದಿಲ್ಲಿಯ ಮುಂದೆ ಯಾವ ಮುಖದಿಂದ ನಿಲ್ಲುವುದು?

ಕನ್ನಡಕ್ಕೆ ತುಳುವರ ತಲೆಯೆಣಿಕೆಯ ಸಾಲ ಬೇಕಾಗಿಲ್ಲ. ಮನೆಯಲ್ಲಿ ಬೇರೆ ನುಡಿಯಾಡಿದವರು ಕನ್ನಡಕ್ಕೆ ಕೊಟ್ಟದ್ದು ಬೇಕಾದಷ್ಟಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು 1843ರಲ್ಲಿ ತುಳುವರ ಊರಿನಿಂದ. ಕಿಟ್ಟೆಲರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ ಅಲ್ಲಿಯ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಮ್ಯಾನರರ ತುಳು ನಿಘಂಟೂ 1886ರಲ್ಲಿ ಅದೇ ಯಂತ್ರದಿಂದ ಹೊರಬಂದಿತ್ತು. ಪಂಜೆ ಮಂಗೇಶರಾಯರೂ ಮಂಜೇಶ್ವರದ ಗೋವಿಂದ ಪೈಗಳೂ ಮನೆಯಲ್ಲಿ ಆಡಿದ್ದು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಇವರಾರೂ ತಾಯಿಯ ಮಾತನ್ನು ಮರೆಮಾಡಿ ಕನ್ನಡದ ಸೇವೆ ಮಾಡಲಿಲ್ಲ. ರೈಗಳು ಕಾಸರಗೋಡಿನಲ್ಲಿ ಕನ್ನಡಕ್ಕಾಗಿ ಜೀವಮಾನವೆಲ್ಲ ಹೋರಾಡುತ್ತಲೇ ತುಳುವಿನಲ್ಲಿಯೂ ಕವಿತೆ ಬರೆದರು. ಉಡುಪಿಯಲ್ಲಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದಲೇ ಉಪಾಧ್ಯಾಯರ ಸಂಪಾದಕತ್ವದ ತುಳು ನಿಘಂಟು ಆರು ಸಂಪುಟಗಳಲ್ಲಿ 1988ರಿಂದ 1997ರವರೆಗೆ ಹೊರಬಂದಿತು.

ತುಳುವಿಗೆ ಸಿನೆಮಾ ಇದೆ, ನಾಟಕವಿದೆ, ಯಕ್ಷಗಾನವಿದೆ, ಅದಕ್ಕೇನು ಭಯವೆನ್ನುವವರು ಊರಿನಲ್ಲಿ ಕುಳಿತು ಹಾಗೆನ್ನಬಹುದು. ಯುನೆಸ್ಕೋ ಪಟ್ಟಿಯಲ್ಲಿ ತುಳುವನ್ನು ಅಪಾಯದ ಮೊದಲ ಮೆಟ್ಟಿಲಲ್ಲಿ ಇರಿಸಿದ್ದಾರೆ. ಕೊಡವ, ಬಡಗ, ಕೊರಗ ಅದಕ್ಕಿಂತ ಕೆಳಗಿನ ಮೆಟ್ಟಿಲಲ್ಲಿವೆ. ಪರವೂರಿನಲ್ಲಿ ಆ ಮೆಟ್ಟಿಲನ್ನು ಒಂದೇ ತಲೆಮಾರಿನಲ್ಲಿ ಇಳಿಯಬಹುದು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ರಾಜ್ಯಗಳಿಗೆ ಹೇಳುತ್ತದೆ. ನಮ್ಮ ಮಕ್ಕಳ ಶಾಲೆಯಲ್ಲಿ ಇಂಗ್ಲಿಷಿದೆ, ಹಿಂದಿಯಿದೆ, ಬಂಗಾಳಿಯಿದೆ. ಮೂರು ಭಾಷೆಗಳ ಸೂತ್ರ ಅಲ್ಲಿಗೇ ತುಂಬಿತು. ಮಗುವು ಮನೆಗೆ ಬಂದು ಅಜ್ಜಿಯೊಡನೆ ಕುಳಿತರೆ ಎಲ್ಲೆ, ಎಲ್ಲಂಜಿ, ಕೋಡೆ, ಮುರಾನಿ ಎಂಬ ದಿನಗಳ ಹೆಸರು ಕೂಡಾ ಅದಕ್ಕೆ ತಿಳಿಯದು. ಅಜ್ಜಿಯು ‘ಎಲ್ಲಂಜಿ ದೇವಸ್ಥಾನಕ್ಕೆ ಹೋಗೋಣ’ ಎಂಬುದನ್ನು ತುಳುವಿನಲ್ಲಿ ಹೇಳಿದರೆ ಮಗು ನಾಳೆಯೇ ಅಂಗಿ ತೊಟ್ಟು ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಆದ ಮಾತನ್ನೇ ಹೇಳುತ್ತಿದ್ದೇವೆ. ಮಕ್ಕಳೊಡನೆ ತುಳುವಾಡದವರು ನಾವೇ, ಸರಕಾರವಲ್ಲ. ಆದರೆ ಆಡಿದರೆ ಪ್ರಯೋಜನವಿಲ್ಲವೆಂಬ ಪಾಠವನ್ನು ನಮಗೆ ಐವತ್ತು ಅರುವತ್ತು ವರ್ಷಗಳಿಂದ ಕಲಿಸಿದ್ದು ಸರಕಾರದ ನೀತಿ.

ಮುಂದಿನ ಜನಗಣತಿಯ ಅಧಿಸೂಚನೆಯು 2025ರ ಜೂನಿನಲ್ಲಿ ಹೊರಟಿದೆ. ಎಣಿಕೆಗೆ ಗೊತ್ತುಮಾಡಿದ ದಿನ 2027ರ ಮಾರ್ಚ್ 1. ಹದಿನಾರು ವರ್ಷಗಳ ಮೇಲೆ ಬರುತ್ತಿರುವ ಅವಕಾಶವಿದು, ಮತ್ತೆ ಯಾವಾಗ ಬರುವುದೋ. ಆದುದರಿಂದ ಬಂಗಾಳದಲ್ಲಿರುವ ನಮ್ಮ ಜನರಲ್ಲಿ ನಮ್ಮ ವಿನಂತಿಯಿಷ್ಟೆ. ಮನೆಯಲ್ಲಿ ತುಳುವಾಡುವವರು ಮಾತೃಭಾಷೆಯೆಂಬಲ್ಲಿ ತುಳುವೆಂದೇ ಬರೆಯಿಸಲಿ. ಕೊಡವರು ಕೊಡವವೆಂದು, ಕೊಂಕಣಿಯವರು ಕೊಂಕಣಿಯೆಂದು, ಲಂಬಾಣಿಗಳು ಲಂಬಾಣಿಯೆಂದು ಹೇಳಲಿ. ತಿಳಿದಿರುವ ಇತರ ಭಾಷೆಗಳನ್ನು ಕೇಳಿದಾಗ ಮೊದಲ ಹೆಸರು ಕನ್ನಡವಾಗಿರಲಿ, ಬಂಗಾಳಿ ಎರಡನೆಯದಾಗಲಿ. ಹಿಂದಿ ಬರುತ್ತದೆಂದು ಹೇಳುವವರ ಸಂಖ್ಯೆ ದೇಶದಲ್ಲಿ ಕಡಮೆಯಾಗುವ ಭಯವಿಲ್ಲ. ಗಣತಿಯವರು ತುಳುವೆಂಬ ಹೆಸರನ್ನು ಕೇಳದೆ ತೆಲುಗು ಎಂದು ಬರೆಯಬಹುದು. ಅಕ್ಷರ ಅಕ್ಷರವಾಗಿ ಹೇಳಿ, ಬರೆದುದನ್ನು ನೋಡಿಯೇ ಒಪ್ಪಿಗೆ ಕೊಡಬೇಕು.

ಗಣತಿಯ ಪ್ರಶ್ನೆಗಳು ನಮ್ಮ ಕೈಗೆ ಬಂದೊಡನೆ ಅವುಗಳ ಕನ್ನಡ ಪಾಠವನ್ನು ಈ ಪುಟದಲ್ಲಿ ಅಚ್ಚು ಹಾಕುತ್ತೇವೆ. ಬಂಗಾಳಿಯಲ್ಲಿ ಉತ್ತರ ಕೊಡಲು ತೊಡಕಾಗುವ ಹಿರಿಯರೂ ಹೊಸದಾಗಿ ಬಂದ ಕೆಲಸದವರೂ ಮಧ್ಯಾಹ್ನದ ಊಟದ ಗಿರಾಕಿ ಕಳೆದ ಮೇಲೆ, ಮೂರರಿಂದ ಐದು ಗಂಟೆಯವರೆಗೆ, ನಮ್ಮ ಕಚೇರಿಗೆ ಬಂದರೆ ಯಾರಾದರೂ ಒಬ್ಬರು ಜೊತೆಗೆ ಕುಳಿತು ಬರೆದುಕೊಡುತ್ತೇವೆ.